ಕಿಟಕಿ ಪಕ್ಕದ ಐದು ಫೋಟೊ

ದಾವಣಗೆರೆಯ ಒಂದು ಕಾಲೇಜಿನಲ್ಲಿ, ಮಾಡೆಲಿಂಗ್ ಮಾಡಬೇಕು ಅಂತ ಆಸೆ ಇಟ್ಟುಕೊಂಡ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಯಲ್ಲಿ ಕೇಳಿದ ಎರಡು ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ.

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ನಾನು ಬೆಂಗಳೂರಿನಲ್ಲಿ ಕಾಸ್ಟಿಂಗ್ ಮಾಡುತ್ತೇನೆ. ಬಟ್ಟೆಯವರೋ ಒಡವೆಯವರೋ ಫೋಟೊ ತೆಗೆಸಬೇಕು ಅಂದಾಗ, ಆ ಕೆಲಸಕ್ಕೆ ಯಾರು ಸರಿ ಅಂತ ಹುಡುಕಿ ನಾಲ್ಕೈದು ಹೆಸರು ಅವರ ಮುಂದೆ ಇಡುವುದು ನನ್ನ ಕೆಲಸ. ಅಂದರೆ ನೀವು ಕಳಿಸುವ ಪೋರ್ಟ್‌ಫೋಲಿಯೊ, ಅಂದರೆ ನಿಮ್ಮ ಫೋಟೊ, ಅಳತೆಗಳ ಕಟ್ಟು, ಮೊದಲು ಬಂದು ಬೀಳುವುದು ನನ್ನಂಥವರ ಫೋನಿಗೆ.

ಮಾಡೆಲಿಂಗ್ ಅಂದ ತಕ್ಷಣ ಎಲ್ಲರ ಕಣ್ಣ ಮುಂದೆ ರ‍್ಯಾಂಪ್ ಬರುತ್ತದೆ. ಆದರೆ ಬೆಂಗಳೂರಿನಲ್ಲಿ ದಿನಾ ಅನ್ನ ಹಾಕುವ ಕೆಲಸ ರ‍್ಯಾಂಪ್ ಅಲ್ಲ, ಕ್ಯಾಟಲಾಗ್, ಅಂದರೆ ಮಾರಾಟಕ್ಕಿರುವ ಬಟ್ಟೆ ಹಾಕಿಕೊಂಡು ಫೋಟೊಗೆ ನಿಲ್ಲುವುದು. ಆನ್‌ಲೈನ್ ಬಟ್ಟೆ ಅಂಗಡಿ ಮಿಂತ್ರಾ ಶುರುವಾಗಿದ್ದು ಬೆಂಗಳೂರಿನಲ್ಲೇ, 2007ರಲ್ಲಿ. ಆಗ ಅದು ಹೆಸರು ಹಾಕಿಸಿಕೊಡುವ ಉಡುಗೊರೆ ಸಾಮಾನು ಮಾರುತ್ತಿತ್ತು. ಆಮೇಲೆ ಬಟ್ಟೆಗೆ ಬಂತು. 2014ರಲ್ಲಿ ಫ್ಲಿಪ್‌ಕಾರ್ಟ್ ಅದನ್ನು ಕೊಂಡುಕೊಂಡಿತು. ಆನ್‌ಲೈನ್‌ನಲ್ಲಿ ಬಟ್ಟೆ ಮಾರಬೇಕಾದರೆ ಪ್ರತಿ ಕುರ್ತಾ, ಪ್ರತಿ ಶರ್ಟನ್ನೂ ಯಾರಾದರೂ ಹಾಕಿಕೊಂಡು ನಿಲ್ಲಲೇಬೇಕಲ್ವಾ? ಎದುರಿನಿಂದ ಒಂದು, ಹಿಂದಿನಿಂದ ಒಂದು, ಪಕ್ಕದಿಂದ ಒಂದು, ಕೊರಳ ಹತ್ತಿರದ್ದು ಒಂದು. ಒಬ್ಬ ಮಾಡೆಲ್ ಒಂದೇ ದಿನದಲ್ಲಿ ಐವತ್ತು ಅರವತ್ತು ಬಟ್ಟೆ ಬದಲಿಸುವ ಶೂಟ್‌ಗಳನ್ನು ನಾನು ನೋಡಿದ್ದೇನೆ. ಇವತ್ತು ನಾನು ಮಾತಾಡುವುದು ಈ ಕೆಲಸಕ್ಕೆ ಬೇಕಾದ ಪೋರ್ಟ್‌ಫೋಲಿಯೊ ಬಗ್ಗೆ.

ಒಂದು ಕೆಲಸಕ್ಕೆ ಮಾಡೆಲ್ ಬೇಕು ಅಂತ ಹಾಕಿದರೆ ಸಂಜೆಯೊಳಗೆ ನೂರಾರು ಪ್ರೊಫೈಲ್ ಬರುತ್ತವೆ. ಹೆಚ್ಚಿನವನ್ನು ನಾನು ನೋಡುವುದು ಫೋನಿನಲ್ಲೇ, ಆಟೋದಲ್ಲಿ ಕೂತುಕೊಂಡು, ಊಟದ ಮಧ್ಯೆ. ಒಂದೊಂದಕ್ಕೆ ಹತ್ತು ಹದಿನೈದು ಸೆಕೆಂಡು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇರುವುದು ಒಂದೇ ಪ್ರಶ್ನೆ: ನಾಳೆ ಬೆಳಿಗ್ಗೆ ಆರೂವರೆಗೆ ಸ್ಟುಡಿಯೊ ಬಾಗಿಲಲ್ಲಿ ಬಂದು ನಿಲ್ಲುವವರು ಈ ಫೋಟೊದಲ್ಲಿ ಇರುವವರೇನಾ? ಚೆಂದ ಇದ್ದಾರಾ ಇಲ್ವಾ ಅನ್ನುವುದೆಲ್ಲ ಆಮೇಲಿನ ಮಾತು.

ಯಾಕೆ ಹೀಗೆ ಅಂತ ಹೇಳಲು ಒಂದು ದಿನದ ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ರವಿಕೆ, ಲೆಹೆಂಗಾ ಶೂಟ್‌ಗೆ ಒಬ್ಬ ಹುಡುಗಿಯನ್ನು ಆರಿಸಿದ್ದೆ. ಪೋರ್ಟ್‌ಫೋಲಿಯೊ ನೋಡಿದರೆ ಪತ್ರಿಕೆಯ ಮುಖಪುಟದ ಹಾಗಿತ್ತು. ಬೆಳಿಗ್ಗೆ ಬಂದಳು. ಮುಖ ಅವಳದ್ದೇ, ಆದರೆ ಪೋರ್ಟ್‌ಫೋಲಿಯೊದಲ್ಲಿ ಬರೆದಿದ್ದ ಅಳತೆ ಅವಳದ್ದಲ್ಲ. ಎರಡು ವರ್ಷದ ಹಿಂದೆ ಯಾರೋ ಫೋಟೊಗ್ರಾಫರ್ ಅಂದಾಜಿಗೆ ಬರೆದುಕೊಟ್ಟದ್ದು. ಫೋಟೊದಲ್ಲಿ ಸೊಂಟವನ್ನು ಕಂಪ್ಯೂಟರ್‌ನಲ್ಲಿ ಒಳಗೆ ತಳ್ಳಿದ್ದರು. ಶೂಟ್‌ಗೆ ಬರುವ ಬಟ್ಟೆ ಒಂದೇ ಸೈಜಿನ ಸ್ಯಾಂಪಲ್. ದೊಡ್ಡದಾದರೆ ಬೆನ್ನ ಹಿಂದೆ ಕ್ಲಿಪ್ ಹಾಕಿ ಬಿಗಿ ಮಾಡಬಹುದು. ಚಿಕ್ಕದಾದರೆ ಏನೂ ಮಾಡುವ ಹಾಗಿಲ್ಲ. ಮೊದಲ ರವಿಕೆಗೆ ಹುಕ್ ಕೂರಲಿಲ್ಲ. ಎರಡನೆಯದಕ್ಕೂ ಕೂರಲಿಲ್ಲ. ಮೇಕಪ್ ರೂಮಿನಲ್ಲಿ ಆ ಮಗು ತಲೆ ತಗ್ಗಿಸಿ ಅಳುತ್ತಾ ಕೂತಿತ್ತು. ಅವಳ ತಪ್ಪಾದರೂ ಏನು? ಹೀಗೇ ಮಾಡಬೇಕು ಅಂತ ಅವಳಿಗೆ ಹೇಳಿಕೊಟ್ಟಿದ್ದರು, ಮಾಡಿದಳು. ನನಗೆ ಇವತ್ತಿಗೂ ನೋವಾಗುವುದು ಇದಕ್ಕೆ: ಅವಳು ಇದ್ದ ಹಾಗೇ ಫೋಟೊ ಕಳಿಸಿದ್ದರೆ, ಅದೇ ವಾರ ನನ್ನ ಕೈಯಲ್ಲಿದ್ದ ಇನ್ನೊಂದು ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದ್ದಳು.

ನಮ್ಮಲ್ಲಿ ಒಂದು ಮಾತಿದೆ, ‘ಪೋಲರಾಯ್ಡ್ ಕಳಿಸಿ’ ಅಂತ. ಮೊದಲ ಸಲ ಕೇಳಿದವರು ಗಾಬರಿಯಾಗುತ್ತಾರೆ. ಪೋಲರಾಯ್ಡ್ ಅನ್ನುವುದು ಒಂದು ಕ್ಯಾಮೆರಾ ಕಂಪನಿಯ ಹೆಸರು. ಬಟನ್ ಒತ್ತಿದ ಸ್ವಲ್ಪ ಹೊತ್ತಿಗೇ ಫೋಟೊ ಕೈಗೆ ಬರುವ ಕ್ಯಾಮೆರಾವನ್ನು ಅವರು 1948ರಲ್ಲಿ ಮಾರಾಟಕ್ಕೆ ತಂದರು. ಮಾಡೆಲ್‌ಗಳಿಗೆ ಕೆಲಸ ಕೊಡಿಸುವ ಏಜೆನ್ಸಿಗಳಲ್ಲಿ ಹೊಸಬರು ಬಂದರೆ ಅಲ್ಲೇ ಗೋಡೆಗೆ ನಿಲ್ಲಿಸಿ ಅದರಲ್ಲಿ ನಾಲ್ಕು ಫೋಟೊ ತೆಗೆಯುತ್ತಿದ್ದರು. ಆ ಫೋಟೊವನ್ನು ಯಾರೂ ತಿದ್ದುವ ಹಾಗಿರಲಿಲ್ಲ. ಅದಕ್ಕೇ ಅದರ ಮೇಲೆ ನಂಬಿಕೆ. ಫಿಲ್ಮ್ ಮಾಡುವುದನ್ನು ನಿಲ್ಲಿಸುತ್ತೇವೆ ಅಂತ ಕಂಪನಿ 2008ರಲ್ಲೇ ಹೇಳಿತು. ಈಗ ಎಲ್ಲರೂ ಫೋನಿನಲ್ಲೇ ತೆಗೆಯುತ್ತಾರೆ. ಆದರೂ ಹೆಸರು ಹಾಗೇ ಉಳಿದಿದೆ. ಕೆಲವರು ಡಿಜಿಟಲ್ಸ್ ಅನ್ನುತ್ತಾರೆ. ಎರಡೂ ಒಂದೇ. ಮೇಕಪ್ ಇಲ್ಲದೆ, ಫಿಲ್ಟರ್ ಇಲ್ಲದೆ, ನೀವು ಹೇಗಿದ್ದೀರೋ ಹಾಗೆ.

ಈ ಫೋಟೊ ತೆಗೆಯಲು ಒಂದು ರೂಪಾಯಿ ಖರ್ಚಿಲ್ಲ. ಒಂದು ಕಿಟಕಿ, ಒಂದು ಖಾಲಿ ಗೋಡೆ, ಫೋನ್ ಹಿಡಿಯಲು ಒಬ್ಬರು ಇದ್ದರೆ ಸಾಕು. ಹೇಗೆ ಅಂತ ಬಿಡಿಸಿ ಹೇಳುತ್ತೇನೆ, ಎಲ್ಲರೂ ಎಡವುವುದು ಇಲ್ಲೇ.

ಬೆಳಿಗ್ಗೆ ಎಂಟರಿಂದ ಹತ್ತರ ಒಳಗೆ, ಬಿಸಿಲು ನೇರ ಒಳಗೆ ಬೀಳದ ಕಿಟಕಿ ನೋಡಿಕೊಳ್ಳಿ. ನೀವು ಕಿಟಕಿಗೆ ಮುಖ ಮಾಡಿ ನಿಲ್ಲಬೇಕು. ಫೋಟೊ ತೆಗೆಯುವವರ ಬೆನ್ನು ಕಿಟಕಿ ಕಡೆ ಇರಬೇಕು. ರೂಮಿನ ಟ್ಯೂಬ್‌ಲೈಟ್ ಆರಿಸಿ. ಎರಡು ಥರದ ಬೆಳಕು ಸೇರಿದರೆ ಮುಖದ ಅರ್ಧ ಹಳದಿ, ಅರ್ಧ ನೀಲಿ ಕಾಣುತ್ತದೆ. ಸೆಲ್ಫಿ ಬೇಡವೇ ಬೇಡ, ಫೋನಿನ ಹಿಂದಿನ ಕ್ಯಾಮೆರಾ ಬಳಸಿ. ಬ್ಯೂಟಿ ಮೋಡ್ ಆಫ್ ಮಾಡಿ. ಎಷ್ಟೋ ಫೋನುಗಳಲ್ಲಿ ಅದು ತಾನಾಗಿಯೇ ಆನ್ ಆಗಿರುತ್ತದೆ, ಸೆಟ್ಟಿಂಗ್ಸ್‌ಗೆ ಹೋಗಿ ನೋಡಿ. ಫೋನನ್ನು ಮುಖದ ಹತ್ತಿರ ತರಬೇಡಿ. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಹೋಗಿ, ಮುಖದ ಆಕಾರವೇ ಬೇರೆಯಾಗುತ್ತದೆ. ಆರೇಳು ಅಡಿ ದೂರ ನಿಂತು, ಬೇಕಾದರೆ ಎರಡರಷ್ಟು ಝೂಮ್ ಮಾಡಿ. ಮುಖದ ಫೋಟೊಗೆ ಫೋನ್ ಕಣ್ಣಿನ ಮಟ್ಟಕ್ಕಿರಲಿ. ಪೂರ್ತಿ ನಿಂತ ಫೋಟೊಗೆ ತೆಗೆಯುವವರು ಸ್ವಲ್ಪ ಬಗ್ಗಿ, ಫೋನನ್ನು ನಿಮ್ಮ ಸೊಂಟದ ಮಟ್ಟಕ್ಕೆ ತರಲಿ. ಎತ್ತರದಿಂದ ತೆಗೆದರೆ ಕಾಲು ಮೊಟಕಾಗಿ ಕಾಣುತ್ತದೆ, ನೆಲದಿಂದ ತೆಗೆದರೆ ಇಲ್ಲದ ಎತ್ತರ ಬರುತ್ತದೆ. ಎರಡೂ ಸುಳ್ಳೇ.

ಮೈಗೆ ಅಂಟುವ ಸಾದಾ ಟೀ ಶರ್ಟ್, ಜೀನ್ಸ್ ಅಥವಾ ಲೆಗ್ಗಿಂಗ್ಸ್ ಸಾಕು. ಕಪ್ಪು ಅಥವಾ ಬಿಳಿ. ಬರಿಗಾಲು. ಕಾಜಲ್, ಲಿಪ್‌ಸ್ಟಿಕ್ ಬೇಡ. ಕೂದಲನ್ನು ಹಿಂದಕ್ಕೆ ಕಟ್ಟಿ, ಕಿವಿ ಮತ್ತು ದವಡೆ ಕಾಣಲಿ. ಮುಖ ನೇರವಾಗಿ ಒಂದು, ಹಲ್ಲು ಕಾಣುವ ಹಾಗೆ ನಕ್ಕದ್ದು ಒಂದು, ಪಕ್ಕದಿಂದ ಒಂದು, ಪೂರ್ತಿ ನಿಂತದ್ದು ಎದುರಿನಿಂದ ಒಂದು, ಹಿಂದಿನಿಂದ ಒಂದು. ಇಷ್ಟೇ, ಐದು. ಉದ್ದ ಕೂದಲಿದ್ದರೆ ಹಿಂದಿನ ಫೋಟೊಗೆ ಮಾತ್ರ ಬಿಟ್ಟುಕೊಳ್ಳಿ. ಮೂರು ತಿಂಗಳಿಗೊಮ್ಮೆ ಹೊಸದಾಗಿ ತೆಗೆಯಿರಿ. ಕೂದಲು ಕತ್ತರಿಸಿದರೆ, ಗಡ್ಡ ಬಿಟ್ಟರೆ, ಟ್ಯಾಟೂ ಹಾಕಿಸಿದರೆ ಅವತ್ತೇ.

ಬಣ್ಣದ ವಿಷಯ ಹೇಳದೆ ಮುಂದೆ ಹೋಗಲಾರೆ. ನನಗೆ ಬರುವ ಫೋಟೊಗಳಲ್ಲಿ ಅರ್ಧಕ್ಕೂ ಜಾಸ್ತಿ ಬೆಳ್ಳಗೆ ಮಾಡಿದವು. ಹಿಂದಿನ ಗೋಡೆ ಕಣ್ಣು ಕುಕ್ಕುವಷ್ಟು ಬೆಳ್ಳಗಿರುತ್ತದೆ, ಹಲ್ಲು ನೀಲಿಯಾಗಿರುತ್ತದೆ, ಕುತ್ತಿಗೆಗೂ ಮುಖಕ್ಕೂ ಸಂಬಂಧ ಇರುವುದಿಲ್ಲ. ಗೊತ್ತಾಗಿಬಿಡುತ್ತದೆ. ಕಪ್ಪಗಿದ್ದರೆ ಕೆಲಸ ಸಿಗಲ್ಲ ಅಂತ ನಿಮಗೆ ಮನೆಯಲ್ಲಿ ಹೇಳಿರುತ್ತಾರೆ, ಊರಲ್ಲಿ ಹೇಳಿರುತ್ತಾರೆ. ಆ ಮಾತು ಗಾಳಿಯಲ್ಲಿ ಬಂದದ್ದಲ್ಲ, ದಶಕಗಳ ಕಾಲ ಜಾಹೀರಾತುಗಳೇ ಅದನ್ನು ಹೇಳಿದವು. 2020ರಲ್ಲಿ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ ‘ಫೇರ್’ ತೆಗೆದು ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಬದಲಾದ ಮಾತ್ರಕ್ಕೆ ಎಲ್ಲರ ಮನಸ್ಸು ಬದಲಾಯಿತು ಅಂತ ನಾನು ಹೇಳುವುದಿಲ್ಲ. ಈಗಲೂ ಬಿಳಿ ಮುಖವನ್ನೇ ಕೇಳುವವರಿದ್ದಾರೆ. ಆದರೆ ಕಂದು, ಕಪ್ಪು ಮೈಬಣ್ಣವನ್ನೇ ಬೇಕು ಅಂತ ಕೇಳುವವರೂ ಇದ್ದಾರೆ. ಹತ್ತಿ ಬಟ್ಟೆಯವರು, ಬೆಳ್ಳಿ ಒಡವೆಯವರು ನನ್ನ ಹತ್ತಿರ ಎಷ್ಟೋ ಸಲ ಕೇಳಿದ್ದಾರೆ. ನೀವು ಬೆಳ್ಳಗೆ ಮಾಡಿ ಕಳಿಸಿದರೆ ಅವರಿಗೂ ಸಿಗಲ್ಲ, ಇವರಿಗೂ ಸಿಗಲ್ಲ. ನಿಮ್ಮ ಬಣ್ಣ ಫೋಟೊದಲ್ಲಿ ಸರಿಯಾಗಿ ಬಂದಿದೆಯಾ ಅಂತ ನೋಡಲು ಒಂದು ಬಿಳಿ ಹಾಳೆಯನ್ನು ಗಲ್ಲದ ಕೆಳಗೆ ಹಿಡಿದು ಒಂದು ಫೋಟೊ ತೆಗೆದು ನೋಡಿ. ಹಾಳೆ ಬಿಳಿಯಾಗಿಯೇ ಕಂಡರೆ, ಅಂಚು ಮಾಸದೆ ಇದ್ದರೆ, ಬೆಳಕು ಸರಿ ಇದೆ.

ಫೋಟೊ ತಿದ್ದುವ ವಿಷಯವನ್ನು ಬೇರೆ ಕಡೆ ಕಾನೂನಿನ ಮಟ್ಟಕ್ಕೂ ತಂದಿದ್ದಾರೆ. ಫ್ರಾನ್ಸ್‌ನಲ್ಲಿ 2017ರ ಅಕ್ಟೋಬರ್‌ನಿಂದ, ಜಾಹೀರಾತಿನ ಫೋಟೊದಲ್ಲಿ ಮಾಡೆಲ್‌ನ ಮೈಯನ್ನು ಸಣ್ಣಗೋ ದಪ್ಪಗೋ ಮಾಡಿದ್ದರೆ ‘ತಿದ್ದಿದ ಫೋಟೊ’ ಅಂತ ಅದರ ಮೇಲೆ ಬರೆಯಬೇಕು. ತಪ್ಪಿದರೆ 37,500 ಯೂರೊವರೆಗೆ ದಂಡ.

ಅಳತೆಗೆ ಬರೋಣ. ಟೈಲರ್ ಟೇಪು ತಂದು, ಇನ್ನೊಬ್ಬರ ಕೈಯಲ್ಲಿ ಅಳೆಸಿ. ಉಸಿರು ಬಿಗಿ ಹಿಡಿಯಬೇಡಿ. ಎದೆ, ಸೊಂಟ, ಹಿಪ್, ಭುಜ, ಚಪ್ಪಲಿ ಸೈಜು. ಹುಡುಗರಾದರೆ ಕಾಲರ್ ಮತ್ತು ಪ್ಯಾಂಟಿನ ಒಳಗಾಲಿನ ಉದ್ದ ಕೂಡ. ಎತ್ತರಕ್ಕೆ ಬರಿಗಾಲಲ್ಲಿ ಗೋಡೆಗೆ ಹಿಮ್ಮಡಿ ಒತ್ತಿ ನಿಂತು, ತಲೆ ಮೇಲೆ ಗಟ್ಟಿ ಪುಸ್ತಕ ಇಟ್ಟು ಪೆನ್ಸಿಲ್ ಗೆರೆ ಹಾಕಿಸಿ. ಎತ್ತರಕ್ಕೆ ಎರಡು ಇಂಚು ಸೇರಿಸುವುದು ಎಲ್ಲರೂ ಮಾಡುವ ಕೆಲಸ. ಸ್ಟುಡಿಯೊದಲ್ಲಿ ಇಬ್ಬರನ್ನು ಪಕ್ಕ ಪಕ್ಕ ನಿಲ್ಲಿಸಿದ ಕೂಡಲೇ ಗೊತ್ತಾಗುತ್ತದೆ. ಅಳತೆಯ ಕೆಳಗೆ ಅಳೆದ ತಿಂಗಳು, ವರ್ಷ ಬರೆಯಿರಿ. ಯಾರೂ ಬರೆಯುವುದಿಲ್ಲ. ಬರೆದವರನ್ನು ಕಂಡರೆ ನನಗೆ ಕೂಡಲೇ ನಂಬಿಕೆ ಬರುತ್ತದೆ.

ಈ ಐದು ಫೋಟೊ, ಈ ಅಳತೆ, ಇದು ತಳಪಾಯ. ಇದರ ಮೇಲೆ ಹತ್ತು ಹನ್ನೆರಡು ಒಳ್ಳೆಯ ಫೋಟೊ ಇರಲಿ. ಅರವತ್ತು ಬೇಡ. ಒಂದೇ ಸೀರೆಯಲ್ಲಿ ಒಂದೇ ಮರದ ಕೆಳಗೆ ಹದಿನೆಂಟು ಫೋಟೊ ಇದ್ದರೆ ನನಗೆ ಅದು ಒಂದೇ ಫೋಟೊ. ಆರಿಸುವಾಗ ‘ನಾನು ಇದರಲ್ಲಿ ಚೆನ್ನಾಗಿದ್ದೀನಾ’ ಅಂತ ಕೇಳಿಕೊಳ್ಳಬೇಡಿ. ‘ಈ ಫೋಟೊ ನೋಡಿ ಯಾರಾದರೂ ಆ ಬಟ್ಟೆ ಕೊಂಡುಕೊಳ್ಳುತ್ತಾರಾ’ ಅಂತ ಕೇಳಿಕೊಳ್ಳಿ.

ಸೀರೆಯನ್ನೇ ತೆಗೆದುಕೊಳ್ಳಿ. ಇಳಕಲ್ ಸೀರೆ ಎಲ್ಲರಿಗೂ ಗೊತ್ತು. ಅದರ ಒಡಲು ಒಂದು, ಸೆರಗು ಒಂದು. ಎರಡರ ಹಾಸು ನೂಲನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಅದರ ಬೆಲೆಯೆಲ್ಲ ಇರುವುದು ಟೋಪ ತೆನಿ ಅನ್ನುವ ಆ ಕೆಂಪು ಬಿಳಿಯ ಸೆರಗಿನಲ್ಲಿ. ಇಂಥ ಸೀರೆ ಮಾರುವವರಿಗೆ ನಿಮ್ಮ ಮುಖಕ್ಕಿಂತ ಮೊದಲು ಬೇಕಾದದ್ದು ಏನು? ಸೆರಗು ಹಿಡಿದ ಕೈ. ಭುಜದ ಮೇಲಿಂದ ಸೆರಗು ಜಾರದ ಹಾಗೆ ನಿಲ್ಲುವ ರೀತಿ. ಬೆನ್ನು ತಿರುಗಿಸಿ ನಿಂತಾಗ ಸೆರಗಿನ ಪೂರ್ತಿ ಉದ್ದ ಕಾಣುವುದು. ನಡೆದಾಗ ನೆರಿಗೆ ಕೆಡದೆ ಇರುವುದು. ಸೀರೆ ಉಟ್ಟು ಓಡಾಡಿ ಅಭ್ಯಾಸ ಇರುವ ಹುಡುಗಿಗೆ ಇದೆಲ್ಲ ಸಲೀಸು, ಅಭ್ಯಾಸ ಇಲ್ಲದವಳ ಕೈ ಎಲ್ಲಿಡಬೇಕು ಗೊತ್ತಾಗದೆ ಗಾಳಿಯಲ್ಲಿ ನಿಂತಿರುತ್ತದೆ. ನಿಮ್ಮಲ್ಲಿ ಎಷ್ಟೋ ಜನ ಅಮ್ಮನ ಸೀರೆ ಉಟ್ಟು ಬೆಳೆದವರು. ಅದು ನಿಮ್ಮ ಬಂಡವಾಳ, ಪೋರ್ಟ್‌ಫೋಲಿಯೊದಲ್ಲಿ ತೋರಿಸಿ. ಬೆನ್ನಿನ ಕಡೆಯದ್ದು ಒಂದು, ಸೆರಗು ಹಿಡಿದ ಕೈಯದ್ದು ಒಂದು ಫೋಟೊ ಇಡಿ. ಒಡವೆ ಕೆಲಸ ಬೇಕು ಅಂದರೆ ಕೈಬೆರಳು, ಕಿವಿ, ಕೊರಳಿನದ್ದು. ಹುಡುಗರು ಪಂಚೆ ಉಟ್ಟ ಒಳ್ಳೆಯ ಫೋಟೊ ಕಳಿಸುವುದು ತೀರಾ ಕಡಿಮೆ, ಮದುವೆ ಸೀಸನ್‌ಗೆ ಪ್ರತಿ ವರ್ಷ ಹುಡುಕುತ್ತೇನೆ.

ದುಬಾರಿ ಕ್ಯಾಮೆರಾದವರು ಬೇಕೇ ಬೇಕು ಅಂತಿಲ್ಲ. ಹೊಸ ಫೋಟೊಗ್ರಾಫರ್‌ಗಳಿಗೂ ಮುಖಗಳು ಬೇಕಾಗಿರುತ್ತವೆ. ಇಬ್ಬರೂ ದುಡ್ಡು ತೆಗೆದುಕೊಳ್ಳದೆ ಕೆಲಸ ಮಾಡಿ ಫೋಟೊ ಹಂಚಿಕೊಳ್ಳುವ ಪದ್ಧತಿ ಇದೆ, ಟಿಎಫ್‌ಪಿ ಅನ್ನುತ್ತಾರೆ. ಒಳ್ಳೆಯ ದಾರಿ. ಆದರೆ ಯಾರು ಎಲ್ಲಿ ಆ ಫೋಟೊ ಬಳಸಬಹುದು, ಎಷ್ಟು ಫೋಟೊ ಎಷ್ಟು ದಿನದಲ್ಲಿ ಕೊಡಬೇಕು ಅಂತ ಮೊದಲೇ ಮೆಸೇಜಿನಲ್ಲಾದರೂ ಬರೆದುಕೊಳ್ಳಿ.

ಇದನ್ನೆಲ್ಲ ಎಲ್ಲಿ ಇಡಬೇಕು? ಒಂದು ಇನ್‌ಸ್ಟಾಗ್ರಾಂ ಪೇಜು, ಒಂದು ಪಿಡಿಎಫ್. ಕೆಲಸದ ಪೇಜು ಬೇರೆಯೇ ಇರಲಿ, ಅದರಲ್ಲಿ ಗೆಳತಿಯ ಹುಟ್ಟುಹಬ್ಬ ಬೇಡ. ಬಯೋದಲ್ಲಿ ಊರು, ಎತ್ತರ, ಇಮೇಲ್. 2025ರ ಜನವರಿಯಲ್ಲಿ ಇನ್‌ಸ್ಟಾಗ್ರಾಂ ಚೌಕದ ಬದಲು ಉದ್ದ ಚೌಕಟ್ಟಿನಲ್ಲಿ ಫೋಟೊ ತೋರಿಸಲು ಶುರು ಮಾಡಿತು. ಹಳೆಯ ಫೋಟೊಗಳ ಎರಡೂ ಪಕ್ಕ ಕತ್ತರಿಸಿ ಹೋಗಿವೆ. ನಿಮ್ಮ ಪೇಜನ್ನು ಬೇರೆಯವರ ಫೋನಿನಲ್ಲಿ ಒಮ್ಮೆ ತೆಗೆದು ನೋಡಿ, ಎಷ್ಟು ಮುಖ ಅರ್ಧ ಇವೆ ಅಂತ ಗೊತ್ತಾಗುತ್ತದೆ. ಪಿಡಿಎಫ್ ಎಂಟು ಹತ್ತು ಪುಟ ಮೀರದಿರಲಿ. ಮೊದಲ ಪುಟದಲ್ಲೇ ಹೆಸರು, ಅಳತೆ, ಮುಖ. ಫೈಲಿಗೆ ನಿಮ್ಮ ಹೆಸರು, ಎತ್ತರ, ಊರು ಇಡಿ. ನನ್ನ ಫೋನಿನಲ್ಲಿ ‘ಪೋರ್ಟ್‌ಫೋಲಿಯೊ ಫೈನಲ್ ಹೊಸದು’ ಅನ್ನುವ ಹೆಸರಿನ ಫೈಲು ಎಷ್ಟಿವೆಯೋ, ಯಾರದ್ದು ಅಂತ ಹುಡುಕಲು ಆಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಹಾಗೇ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಇನ್ನು ಗೂಗಲ್ ಡ್ರೈವ್. ಲಿಂಕ್ ಕಳಿಸುತ್ತೀರಿ, ನಾನು ಒತ್ತುತ್ತೇನೆ, ‘ನಿಮಗೆ ಅನುಮತಿ ಇಲ್ಲ’ ಅಂತ ಬರುತ್ತದೆ. ಅನುಮತಿ ಕೇಳಿ, ನೀವು ನೋಡಿ, ಕೊಡುವ ಹೊತ್ತಿಗೆ ಕೆಲಸ ಬೇರೆಯವರಿಗೆ ಹೋಗಿರುತ್ತದೆ. ಕೈಗೆ ಬಂದದ್ದು ಬಾಯಿಗೆ ಬರುವುದಿಲ್ಲ. ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು ಅಂತ ಸೆಟ್ಟಿಂಗ್ ಇಟ್ಟು, ಪಕ್ಕದ ಮನೆಯವರ ಫೋನಿನಲ್ಲಿ ತೆರೆದು ನೋಡಿ ಆಮೇಲೆ ಕಳಿಸಿ. ಆ ಫೋಲ್ಡರಿನಲ್ಲಿ ಆಧಾರ್ ಕಾರ್ಡ್, ಮನೆ ವಿಳಾಸ ಮಾತ್ರ ಇಡಬೇಡಿ.

ಮೂವತ್ತು ಸೆಕೆಂಡಿನ ಒಂದು ವಿಡಿಯೋ ಕೂಡ ಇರಲಿ. ಹೆಸರು, ಊರು, ಎತ್ತರ ಹೇಳಿ, ಎರಡೂ ಪಕ್ಕ ತಿರುಗಿ, ನಾಲ್ಕು ಹೆಜ್ಜೆ ನಡೆಯಿರಿ. ಇಂಗ್ಲಿಷ್ ಬರದಿದ್ದರೆ ಕನ್ನಡದಲ್ಲೇ ಮಾತಾಡಿ. ದಾವಣಗೆರೆ ಕನ್ನಡದಲ್ಲೇ ಮಾತಾಡಿ. ಬಾಯಿಪಾಠ ಮಾಡಿದ ಇಂಗ್ಲಿಷ್ ಹೇಳುವಾಗ ನಿಮ್ಮ ಕಣ್ಣಿನಲ್ಲಿ ಜೀವವೇ ಇರುವುದಿಲ್ಲ.

ಈಗ ಹೇಳುವುದನ್ನು ದಯವಿಟ್ಟು ಮರೆಯಬೇಡಿ. ಪೋರ್ಟ್‌ಫೋಲಿಯೊ ಆನ್‌ಲೈನ್‌ಗೆ ಹಾಕಿದ ವಾರದಲ್ಲೇ ನಿಮಗೆ ಮೆಸೇಜ್ ಬರಲು ಶುರುವಾಗುತ್ತದೆ. ‘ನಿಮ್ಮನ್ನು ದೊಡ್ಡ ಬ್ರ್ಯಾಂಡ್‌ಗೆ ಆರಿಸಿದ್ದೇವೆ, ನೋಂದಣಿಗೆ ಇಷ್ಟು ಕಳಿಸಿ’, ‘ನಮ್ಮ ಸ್ಟುಡಿಯೊದಲ್ಲೇ ಪೋರ್ಟ್‌ಫೋಲಿಯೊ ಮಾಡಿಸಬೇಕು, ಇಪ್ಪತ್ತೈದು ಸಾವಿರ’. ಒಂದು ಪೈಸೆ ಕೊಡಬೇಡಿ. ಸರಿಯಾದ ಏಜೆನ್ಸಿ ದುಡಿಯುವುದು ನಿಮಗೆ ಕೆಲಸ ಸಿಕ್ಕ ಮೇಲೆ, ಆ ಸಂಬಳದಲ್ಲಿ ಕಮಿಷನ್ ತೆಗೆದುಕೊಂಡು. ಇನ್ನು ಕೆಲವರು ‘ಅಳತೆ ನೋಡಬೇಕು, ಒಳಉಡುಪಿನಲ್ಲಿ ಫೋಟೊ ಕಳಿಸಿ’, ‘ವಿಡಿಯೋ ಕಾಲ್‌ನಲ್ಲಿ ಬಟ್ಟೆ ಬದಲಿಸಿ’ ಅನ್ನುತ್ತಾರೆ. ಅಳತೆಗೆ ಟೇಪು ಇದೆ. ಹೀಗೆ ಕೇಳಿದವರ ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಬ್ಲಾಕ್ ಮಾಡಿ. ಮೋಸ ಹೋದರೆ 1930ಕ್ಕೆ ಫೋನ್ ಮಾಡಿ, ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಒಬ್ಬರ ಖಾಸಗಿ ಅಂಗದ ಫೋಟೊವನ್ನು ಅವರ ಒಪ್ಪಿಗೆ ಇಲ್ಲದೆ ತೆಗೆಯುವುದು, ಹಂಚುವುದು ಐಟಿ ಕಾಯ್ದೆಯ 66ಇ ಕಲಮಿನಡಿ ಅಪರಾಧ. ಮೂರು ವರ್ಷದವರೆಗೆ ಜೈಲಿದೆ. ಕಳಿಸಿಬಿಟ್ಟಿದ್ದರೂ ತಪ್ಪು ನಿಮ್ಮದಲ್ಲ. ಮನೆಯಲ್ಲಿ ಹೇಳಿ, ಹೆದರಿ ಒಳಗೇ ಇಟ್ಟುಕೊಳ್ಳಬೇಡಿ.

ಇನ್ನೊಂದು ಹೊಸ ವಿಷಯ ಇದೆ. ಎಐನಿಂದ ಮಾಡಿಸಿದ ಫೋಟೊಗಳು ಈಗ ಬರುತ್ತಿವೆ. ಅವನ್ನು ಕಳಿಸಬೇಡಿ, ಯಾಕೆ ಅಂತ ಇಷ್ಟು ಹೊತ್ತು ಹೇಳಿದ್ದೇನೆ. ಆದರೆ ಅದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಎಚ್ ಅಂಡ್ ಎಂ ಅನ್ನುವ ಬಟ್ಟೆ ಕಂಪನಿ 30 ಮಾಡೆಲ್‌ಗಳ ಡಿಜಿಟಲ್ ಅವಳಿ, ಅಂದರೆ ಕಂಪ್ಯೂಟರ್‌ನಲ್ಲಿ ಅವರದ್ದೇ ಪ್ರತಿರೂಪ, ಮಾಡುವುದಾಗಿ 2025ರಲ್ಲಿ ಹೇಳಿತು. ನ್ಯೂಯಾರ್ಕ್ ರಾಜ್ಯದಲ್ಲಿ ಅದೇ ವರ್ಷ ಜೂನ್‌ನಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಮಾಡೆಲ್‌ನ ಎಐ ಪ್ರತಿರೂಪ ಮಾಡಬೇಕಾದರೆ ಅದಕ್ಕೆಂದೇ ಬೇರೆ ಬರಹದ ಒಪ್ಪಿಗೆ ಬೇಕು. ನೀವು ಸಹಿ ಹಾಕುವ ಕಾಗದದಲ್ಲಿ ಎಷ್ಟು ದಿನ, ಎಲ್ಲೆಲ್ಲಿ ಫೋಟೊ ಬಳಸುತ್ತಾರೆ ಅಂತ ಇರುತ್ತದೆ, ನಾವು ಯೂಸೇಜ್ ಅನ್ನುತ್ತೇವೆ. ‘ಎಲ್ಲ ಕಾಲಕ್ಕೂ, ಎಲ್ಲ ರೂಪದಲ್ಲೂ’ ಅಂತ ಬರೆದಿದ್ದರೆ ನಿಲ್ಲಿ. ಕೇಳಿ. ಕೇಳಿದ್ದಕ್ಕೆ ಕೆಲಸ ಹೋಗುತ್ತದೆ ಅಂದರೆ ಅಂಥ ಕೆಲಸ ಹೋಗಲಿ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು, ‘ಅಕ್ಕ, ನಾನು ಐದಡಿ ಎರಡು ಇಂಚು. ನನಗೆ ಆಗುತ್ತಾ?’ ಅಂತ ಕೇಳಿದಳು. ರ‍್ಯಾಂಪ್ ಕಷ್ಟ, ಅಲ್ಲಿ ಹುಡುಗಿಯರಿಗೆ ಸಾಮಾನ್ಯವಾಗಿ ಐದಡಿ ಎಂಟು ಇಂಚಿನ ಹತ್ತಿರ ಕೇಳುತ್ತಾರೆ ಅಂತ ನೇರವಾಗಿ ಹೇಳಿದೆ. ಆದರೆ ಒಡವೆ, ಮುಖದ ಕ್ರೀಮು, ತಿಂಡಿ ತಿನಿಸಿನ ಜಾಹೀರಾತಿಗೆ ಎತ್ತರ ಯಾರೂ ಕೇಳುವುದಿಲ್ಲ. ದಾವಣಗೆರೆ, ಹುಬ್ಬಳ್ಳಿಯ ಸೀರೆ ಅಂಗಡಿಗಳೂ ಈಗ ವಾರಕ್ಕೊಂದು ರೀಲ್ ಹಾಕುತ್ತವೆ. ಮೊದಲ ಕೆಲಸ ಬೆಂಗಳೂರಿನಲ್ಲೇ ಆಗಬೇಕು ಅಂತ ಏನಿಲ್ಲ, ತಂಗಿ. ಇಲ್ಲಿನ ಅಂಗಡಿಯಲ್ಲಿ ಮಾಡಿದ ಕೆಲಸವನ್ನೂ ನಾನು ಕೆಲಸ ಅಂತಲೇ ನೋಡುತ್ತೇನೆ.

ಇನ್ನೊಬ್ಬ ಹುಡುಗಿಯ ಜೊತೆ ಅವಳ ತಾಯಿ ಬಂದಿದ್ದರು. ಪ್ರಶ್ನೆ ಕೇಳಿದ್ದು ಅವರೇ. ‘ಶೂಟಿಂಗ್‌ಗೆ ನಾನು ಜೊತೆಗೆ ಬರಬಹುದೇನ್ರಿ?’ ಬನ್ನಿ ಅಮ್ಮ, ಖಂಡಿತ ಬನ್ನಿ ಅಂದೆ. ಬರಬೇಡಿ ಅನ್ನುವ ಜಾಗಕ್ಕೆ ಮಗಳನ್ನೂ ಕಳಿಸಬೇಡಿ ಅಂತಲೂ ಹೇಳಿದೆ.

ಆಮೇಲೆ ಸಭಾಂಗಣದ ಪಕ್ಕದ ಕ್ಲಾಸ್‌ರೂಮಿಗೆ ಹೋದೆವು. ಸಂಜೆ ನಾಲ್ಕೂವರೆ. ಪೂರ್ವದ ಕಡೆ ದೊಡ್ಡ ಕಿಟಕಿ ಇತ್ತು, ಬಿಸಿಲು ಆಚೆ ಬದಿಗೆ ಹೋಗಿತ್ತು. ಬೆಂಚು ಸರಿಸಿ, ಟ್ಯೂಬ್‌ಲೈಟ್ ಆರಿಸಿ, ಒಬ್ಬೊಬ್ಬರನ್ನೇ ಗೋಡೆಗೆ ನಿಲ್ಲಿಸಿದೆವು. ಆ ತಾಯಿ ತಾವೇ ಮುಂದೆ ಬಂದು ಎಲ್ಲರ ಗಲ್ಲದ ಕೆಳಗೆ ಬಿಳಿ ಹಾಳೆ ಹಿಡಿದರು. ಪೂರ್ತಿ ನಿಂತ ಫೋಟೊಗೆ ಒಬ್ಬ ಹುಡುಗ ಮೊಣಕಾಲೂರಿ ಕೂತು ಫೋನ್ ಹಿಡಿದ. ಎಂಟನೆಯವಳ ಹೊತ್ತಿಗೆ ಬೆಳಕು ಮಂಕಾಯಿತು. ಉಳಿದವರಿಗೆ ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ, ಹಿಂದಿನ ಬದಿಯ ರೂಮಿಗೆ, ಕಪ್ಪು ಟೀ ಶರ್ಟ್ ಹಾಕಿಕೊಂಡು ಬನ್ನಿ ಅಂತ ಹೇಳಿದೆ.